ಡಿಮ್ಮು ಬೋರ್ಗಿರ್ ಕೆಟ್ಟಿದ್ದು ಆರ್ಕೆಸ್ಟ್ರಾದಿಂದಲಾ?

ತೀರ್ಥಹಳ್ಳಿ_ಕೊನೆಕೊಯ್ಲು:
ನಮ್ಮಲ್ಲೀಗ ಅಡಿಕೆ ಸುಲಿಯುವ ಕಾಲ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತಿರುತ್ತೇನೆ, ಕಿವಿಯಲ್ಲಿ ಇಯರ್‌ಫೋನ್. ಒಮ್ಮೆ ಅದು ಕಿತ್ತು ಬಂದಾಗ ಅತ್ತಿಗೆ ಕೇಳಿದರು, "ಯಾರಿಗೆ ಹೊಡೀತಿದ್ದಾರೆ?"

ನಾರ್ವೆಯ ಬ್ಲ್ಯಾಕ್ ಮೆಟಲ್ (ಕಿರುಚು ದನಿಯ ಅಬ್ಬರದ ರಾಕ್) ಬ್ಯಾಂಡ್ ಡಿಮ್ಮು ಬೋರ್ಗಿರ್ ನನಗೆ ಸಿಕ್ಕಿದ್ದು ಶಿವಮೊಗ್ಗದಲ್ಲಿ ಕಾಲೇಜು ಓದುವಾಗ, ಪೆನ್‌ಡ್ರೈವ್‌ನಲ್ಲಿ. ಪ್ರಾಗ್‌ನ ಆರ್ಕೆಸ್ಟ್ರಾ ಇರುವ 2003ರ ಆಲ್ಬಮ್ 'ಡೆತ್ ಕಲ್ಟ್ ಆರ್ಮಗೆಡನ್' ನನಗೆ ಪ್ರಾಣ. ಚಿಕ್ಕಪ್ಪನ ಮಗ ಅದನ್ನು ಸಿನಿಮಾ ಹಿನ್ನೆಲೆ ಸಂಗೀತ ಅನ್ನುತ್ತಾನೆ. ಆದರೆ 2010ರ 'ಅಬ್ರಹಡಬ್ರ' ಯಾಕೋ ನನಗೂ ಹಿಡಿಸಲಿಲ್ಲ. ಆರ್ಕೆಸ್ಟ್ರಾ ಅದರಲ್ಲೂ ಇದೆ, ಅಲ್ವಾ?

ಸಾಗರದವ:
ನನಗೆ 1996ರ 'ಸ್ಟಾರ್ಮ್‌ಬ್ಲೋಸ್ಟ್' ಸಾಕು. ಪೂರ್ತಿ ನಾರ್ವೇಜಿಯನ್ ಭಾಷೆ, ಒಂದು ಪದವೂ ಅರ್ಥವಾಗಲ್ಲ, ಆದರೂ ಮಳೆಗಾಲದ ಸಂಜೆಗೆ ಸರಿ ಹೊಂದುತ್ತದೆ. 1997ರಲ್ಲಿ ಇಂಗ್ಲಿಷ್‌ಗೆ ಹೋದರು, ದೊಡ್ಡ ರೆಕಾರ್ಡ್ ಕಂಪನಿ ಸೇರಿದರು. ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು.

ಹೊಸನಗರ_ಕೀಬೋರ್ಡ್:
ಸಾಗರದ ಅಣ್ಣ ಬೇಗ ಬಾಗಿಲು ಹಾಕಿಬಿಟ್ಟರು. ತಪ್ಪು ಆರ್ಕೆಸ್ಟ್ರಾದ್ದಲ್ಲ ಮಾರಾಯ್ರೇ, ಅದು 2001ರ ಆಲ್ಬಮ್‌ನಲ್ಲೂ ಇತ್ತು. ಆಗ ಕೀಬೋರ್ಡ್‌ನಲ್ಲಿ ಮುಸ್ತಿಸ್ ಇದ್ದ, ರಾಗಕ್ಕೆ ಬೆನ್ನೆಲುಬು ಅವನೇ. ಜೊತೆಗೆ ಬಾಸ್ ಗಿಟಾರ್ ನುಡಿಸುತ್ತಿದ್ದ ವೋರ್ಟೆಕ್ಸ್‌ನ ತಿಳಿ ದನಿ. ಇಬ್ಬರೂ 2009ರಲ್ಲಿ ಹೊರಗೆ ಬಂದರು. 'ಅಬ್ರಹಡಬ್ರ'ಕ್ಕೆ ನಾರ್ವೆಯ ರೇಡಿಯೋ ಆರ್ಕೆಸ್ಟ್ರಾ, ಮೇಳಗಾಯನ ಎಲ್ಲ ಸೇರಿಸಿದರು. ಸದ್ದು ದೊಡ್ಡದಾಯಿತು, ಗುನುಗೋಕೆ ಏನೂ ಸಿಗಲಿಲ್ಲ. ಇದು ನನ್ನ ಕಿವಿಯ ತೀರ್ಪು, ಜಗಳಕ್ಕೆ ಬರಬೇಡಿ.

ಒಂದು ಕೆಲಸ ಮಾಡಿ. 'ಸ್ಟಾರ್ಮ್‌ಬ್ಲೋಸ್ಟ್' ಅನ್ನು 2005ರಲ್ಲಿ ಮತ್ತೆ ರೆಕಾರ್ಡ್ ಮಾಡಿದ್ದಾರೆ, ಡ್ರಮ್ಸ್‌ಗೆ ಹೆಲ್‌ಹ್ಯಾಮರ್. ಹಳೆಯದನ್ನೂ ಅದನ್ನೂ ಒಂದರ ಹಿಂದೊಂದು ಕೇಳಿ. ಮೊದಲ ಹಾಡಿನ ಶುರುವಿನ ಕೀಬೋರ್ಡ್ ಹೊಸದರಲ್ಲಿಲ್ಲ. ಆ ರಾಗ ಇಂಗ್ಲೆಂಡಿನ ಮ್ಯಾಗ್ನಮ್ ಬ್ಯಾಂಡಿನದು, ಅದಕ್ಕೇ ಕಿತ್ತರು.

ತೀರ್ಥಹಳ್ಳಿ_ಕೊನೆಕೊಯ್ಲು:
ನಿನ್ನೆ ರಾತ್ರಿ ಎರಡನ್ನೂ ಕೇಳಿದೆ. ಹಳೆಯದರಲ್ಲಿ ಡ್ರಮ್ಸ್ ಎಲ್ಲೋ ದೂರದ ತಗಡಿನ ಮೇಲೆ ಬಿದ್ದ ಮಳೆಯ ಹಾಗೆ. ಹೊಸದರಲ್ಲಿ ಎದೆ ಮೇಲೇ ಬಂದು ಕೂರುತ್ತದೆ. ಬಾರಿಸಿದ್ದು ಹೊಸದೇ ಚೆನ್ನ, ಒಪ್ಪಿದೆ. ಆದರೆ ಆ ಶುರು ಇಲ್ಲದೆ ಹಾಡಿಗೆ ಇಳಿದಾಗ, ಜಗುಲಿಯೇ ಇಲ್ಲದೆ ನೇರ ಅಡುಗೆಮನೆಗೆ ಕಾಲಿಟ್ಟ ಹಾಗಾಯಿತು.

ಅಂದರೆ ಇಡೀ ಆಲ್ಬಮ್‌ನಲ್ಲಿ ನನಗೆ ಹಿಡಿಸಿದ್ದು ಬೇರೆಯವರ ರಾಗ! ಚಿಕ್ಕಪ್ಪನ ಮಗನಿಗೆ ಮಾತ್ರ ಹೇಳಬೇಡಿ.