ಹಂಚಿನ ಮಾಡಿಗೆ ಪಕಾಸಿ (ನೆತ್ತಿಯಿಂದ ಸೂರಿಗೆ ಇಳಿಯೋ ಓರೆ ಮರ) ಎಷ್ಟುದ್ದ ಬೇಕು? ಲೆಕ್ಕ ನೋಡಿ ಹೇಳಿ

ತುಂಗೆದಡ:
ತೀರ್ಥಹಳ್ಳಿ ಕಡೆ ಕೊಟ್ಟಿಗೆ ಕಟ್ಟಿಸೋದಿದೆ. ಹೊರಗೋಡೆಯಿಂದ ಹೊರಗೋಡೆಗೆ 18 ಅಡಿ ಅಗಲ, 24 ಅಡಿ ಉದ್ದ, ಗೋಡೆ 7 ಅಡಿ ಎತ್ತರ. ಎರಡೂ ಬದಿಗೆ ಇಳಿಯೋ ಮಂಗಳೂರು ಹಂಚಿನ ಮಾಡು. ನೆತ್ತಿ ಗೋಡೆ ತಲೆಗಿಂತ 6 ಅಡಿ ಮೇಲೆ, ಸೂರು ಗೋಡೆಯಿಂದ 2 ಅಡಿ ಆಚೆ.

ಅರ್ಧ ಅಗಲ 9, ಎತ್ತರ 6. 81 + 36 = 117, ವರ್ಗಮೂಲ 10.82. ಸೂರಿನ 2 ಅಡಿ ಕೂಡಿಸಿದರೆ 12.82, ಅಂದರೆ 12 ಅಡಿ 8 ಇಂಚು. 13 ಅಡಿ ಮರ ಕೊಯ್ಸಿದರೆ ಸಾಕಲ್ವಾ? ಇನ್ನೊಂದು, ಜಾಗ ಇಳಿಜಾರು. ಪಾಯದ ಮೂಲೆ ಸರಿಯಾಗಿ ಕೂರಿಸೋದು ಹೇಗೆ?

ಮರದಕೆಲಸ:
ಸಾಲೋದಿಲ್ಲ. 13 ಅಡಿ ಕೊಯ್ಸಿದರೆ ಅಷ್ಟೂ ಮರ ಗಿಡ್ಡ ಆಗುತ್ತೆ.

10.82ರ ತನಕ ನಿಮ್ಮ ಲೆಕ್ಕ ಸರಿ. ತಪ್ಪಿರೋದು ಸೂರಿನಲ್ಲಿ. ಆ 2 ಅಡಿ ನೀವು ಅಡ್ಡಕ್ಕೆ ಅಳೆದದ್ದು, ಮರ ಹೋಗೋದು ಓರೆಯಲ್ಲಿ. ಅಡ್ಡ 9 ಅಡಿಗೆ ಓರೆ 10.82 ಅಂದರೆ ಅಡ್ಡದ ಪ್ರತಿ ಅಡಿಗೆ ಓರೆಯಲ್ಲಿ 1.202 ಅಡಿ. ಸೂರು ಸೇರಿ ಅಡ್ಡ 11 ಅಡಿ, 11 × 1.202 = 13.22. ಇದು 13 ಅಡಿ 2½ ಇಂಚು. ದಶಮಾಂಶವನ್ನು ಇಂಚು ಮಾಡುವಾಗ 12ರಿಂದ ಗುಣಿಸಬೇಕು; .82 ಅಡಿ ಅಂದರೆ 9.8 ಇಂಚು, 8 ಅಲ್ಲ. ಮರದ ಅಳತೆಯಲ್ಲಿ ಇದು ತುಂಬಾ ಜನ ಎಡವೋ ಜಾಗ.

ಪಕಾಸಿಗಳು ನೆತ್ತಿ ತೊಲೆಯ ಮೇಲೆ ಕೂರದೆ ಎರಡು ಬದಿಯಿಂದ ಬಂದು ತಾಗೋದಾದರೆ, ತೊಲೆಯ ಅರ್ಧ ದಪ್ಪ ಕಳೀಬೇಕು. 3 ಇಂಚಿನ ತೊಲೆಗೆ ಅಡ್ಡಕ್ಕೆ 1½ ಇಂಚು, ಓರೆಯಲ್ಲಿ ಸುಮಾರು 1¾. ತುದಿ ಕೊಯ್ಯೋ ಗೆರೆಗೆ ಕೋನ ಗೊತ್ತಿರಬೇಕಾಗಿಲ್ಲ: ಮೂಲೆಮಟ್ಟದ (L ಆಕಾರದ ಅಳತೆಪಟ್ಟಿ) ಒಂದು ಕೈಯಲ್ಲಿ 9 ಇಂಚು, ಇನ್ನೊಂದರಲ್ಲಿ 6 ಇಂಚು ಮರದ ಒಂದೇ ಅಂಚಿಗೆ ತಾಗಿಸಿ. 6ರ ಕೈ ನೆತ್ತಿಯ ನೇರ ಕೊಯ್ತದ ಗೆರೆ, 9ರ ಕೈ ಗೋಡೆ ಮೇಲೆ ಕೂರೋ ಕಚ್ಚಿನ ಗೆರೆ. ಮೊದಲು ಎರಡೇ ಪಕಾಸಿ ಕೊಯ್ದು ಮೇಲೆ ಇಟ್ಟು ನೋಡಿ, ಸರಿ ಕೂತ ಮೇಲೆ ಅದನ್ನೇ ಅಚ್ಚಾಗಿ ಇಟ್ಟುಕೊಳ್ಳಿ. ಒಂದರಿಂದ ಇನ್ನೊಂದು, ಅದರಿಂದ ಮತ್ತೊಂದು ಅಂತ ಗುರುತು ಹಾಕ್ತಾ ಹೋದರೆ ಗೆರೆಯ ದಪ್ಪವೇ ಕೂಡಿ ಕೊನೇ ಮರ ಅರ್ಧ ಇಂಚು ಉದ್ದ ಬರುತ್ತೆ.

ಇನ್ನೂ ಮುಖ್ಯವಾದದ್ದು: ಅಡ್ಡ 9ಕ್ಕೆ 6 ಇಳಿದರೆ, ಸೂರಿನ 2 ಅಡಿಗೆ 1 ಅಡಿ 4 ಇಂಚು ಇಳಿಯುತ್ತೆ. 7 ಅಡಿ ಗೋಡೆಗೆ ಸೂರಿನ ತುದಿ ನೆಲದಿಂದ 5 ಅಡಿ 8 ಇಂಚು. ಹುಲ್ಲಿನ ಹೊರೆ ಹೊತ್ತು ಒಳಗೆ ಹೋಗೋದು ಕಷ್ಟ.

ಗೂಟದಾರ:
ಪಾಯದ ವಿಷಯಕ್ಕೆ ಬರ್ತೀನಿ. ನಿಮ್ಮ 18, 24 ಒಳ್ಳೇ ಅಳತೆ. ಬದಿ 3, 4 ಇದ್ದು ಕರ್ಣ 5 ಬಂದರೆ ಮೂಲೆ ಸರಿಯಾಗಿ ಲಂಬ; ಆ 3-4-5ರ ಆರು ಪಟ್ಟು 18-24-30, ಹಾಗಾಗಿ ಕರ್ಣ ಸರಿಯಾಗಿ 30 ಅಡಿ. 24 ಅಡಿ ದಾರ ಎಳೆದು ಎರಡೂ ತುದಿಗೆ ಗೂಟ ಹೊಡೀರಿ. ಒಂದು ಗೂಟದಿಂದ 18, ಇನ್ನೊಂದರಿಂದ 30 ಅಡಿ ಟೇಪು ಬಿಗಿಯಾಗಿ ಹಿಡಿದು, ಎರಡೂ ಸೇರೋ ಕಡೆ ಮೂರನೇ ಗೂಟ. ನಾಲ್ಕನೇದೂ ಹೀಗೇ.

3-4-5 ಅಡಿಯ ಸಣ್ಣ ತ್ರಿಭುಜದಲ್ಲಿ ಮುಗಿಸಬೇಡಿ. 5 ಅಡಿಯ ಕರ್ಣದಲ್ಲಿ ಕಾಲು ಇಂಚು ತಪ್ಪಿದರೆ ಗೋಡೆ 24 ಅಡಿ ಆಚೆ ಎರಡೂವರೆ ಇಂಚು ವಾಲುತ್ತೆ. 30 ಅಡಿಯ ಕರ್ಣದಲ್ಲಿ ಅದೇ ತಪ್ಪು ಅರ್ಧ ಇಂಚೂ ಆಗೋದಿಲ್ಲ. ಸ್ಟೀಲ್ ಟೇಪೇ ಬೇಕು, ಬಟ್ಟೆ ಟೇಪು ಎಳೆದಂತೆ ಹಿಗ್ಗುತ್ತೆ.

ಇಳಿಜಾರಲ್ಲಿ ನೆಲಕ್ಕೆ ತಾಗಿಸಿ ಅಳೆದರೆ ಎಲ್ಲಾ ಕೆಡುತ್ತೆ, ಯಾಕಂದರೆ ಆಗ ನೀವು ಅಳೆಯೋದೇ ಕರ್ಣವನ್ನ. 24 ಅಡಿಗೆ ನೆಲ 3 ಅಡಿ ಇಳಿದಿದ್ದರೆ, ಮಟ್ಟದಲ್ಲಿ ಸಿಗೋದು √(576 − 9) = 23.81 ಅಡಿ. ಎರಡು ಇಂಚಿಗಿಂತ ಜಾಸ್ತಿ ಕೊರತೆ. ಕೆಳಗಿನ ಗೂಟ ಎತ್ತರ ಬಿಟ್ಟು, ನೀರು ತುಂಬಿದ ಪಾರದರ್ಶಕ ಪೈಪಲ್ಲಿ ಮಟ್ಟ ನೋಡಿ ನಾಲ್ಕೂ ಗೂಟದ ತಲೆ ಒಂದೇ ಮಟ್ಟಕ್ಕೆ ತಂದು ಮೇಲಿಂದಲೇ ಅಳೀರಿ. ಪೈಪಲ್ಲಿ ಗಾಳಿಗುಳ್ಳೆ ಇರಬಾರದು. ನೆಲಕ್ಕೆ ಗುರುತು ಇಳಿಸೋಕೆ ತೂಕದ ಗುಂಡು.

ಕೊನೆಗೆ ಎರಡೂ ಕರ್ಣ ಅಳೀರಿ. ಬದಿಗಳು ಸರಿಯಿದ್ದು ಒಂದು ಕರ್ಣ 30 ಅಡಿ 3 ಇಂಚು, ಇನ್ನೊಂದು 29 ಅಡಿ 9 ಇಂಚು ಬಂದರೆ, 18 ಅಡಿಯ ಗೋಡೆ ಪೌಣೆ ನಾಲ್ಕು ಇಂಚು ಓರೆಯಾಗಿದೆ ಅಂತ ಅರ್ಥ. ಗೋಡೆ ಏಳುವಾಗ ಅದು ಕಣ್ಣಿಗೆ ಕಾಣೋದಿಲ್ಲ, ಹಂಚು ಹೊದೆಸುವಾಗ ಅಂಚಿನ ಸಾಲಲ್ಲಿ ಕಾಣುತ್ತೆ.

ತುಂಗೆದಡ:
ಇಬ್ಬರಿಗೂ ಧನ್ಯವಾದ. ಸೂರು ಅಷ್ಟು ಕೆಳಗೆ ಬರುತ್ತೆ ಅಂತ ಅಂದಾಜಿರಲಿಲ್ಲ. ನೆತ್ತಿ 6ರ ಬದಲು 5 ಅಡಿ ಮಾಡಿದರೆ ಆಗುತ್ತಾ?

ಮರದಕೆಲಸ:
ಬೇಡ. 5 ಅಡಿ ಮಾಡಿದರೆ ಸೂರು ಇಳಿಯೋದು 1 ಅಡಿ 1 ಇಂಚು ಚಿಲ್ಲರೆ. ಅದರಿಂದ ಸೂರು ಮೇಲೇರೋದು ಮೂರು ಇಂಚೂ ಇಲ್ಲ. ಇಳಿಜಾರು ಮಾತ್ರ ಸುಮಾರು 34 ಡಿಗ್ರಿಯಿಂದ 29ಕ್ಕೆ ಬೀಳುತ್ತೆ. ಬೇರೆ ಕಡೆ ಅದು ಸಾಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೇಲೆ ಮಳೆ, ನಿಮ್ಮದು ಅದರ ಪಕ್ಕದ ಸೀಮೆ. ಆಷಾಢದ ಗಾಳಿಗೆ ನೀರು ಹಂಚಿನ ಸಂದಲ್ಲಿ ಮೇಲಕ್ಕೇರಿ ರೀಪಿನ (ಹಂಚು ಕೂರೋ ಅಡ್ಡಪಟ್ಟಿ) ಮೇಲೆ ಇಳಿಯುತ್ತೆ, ರೀಪು ಕೊಳೆಯುತ್ತೆ. ನೆತ್ತಿ 6 ಅಡಿಯೇ ಇರಲಿ, ಗೋಡೆ 8 ಅಡಿ ಮಾಡಿ.

ಹಂಚಿನಸಾಲು:
ಒಪ್ಪಿದೆ. ಮರ ಕೊಯ್ಸೋ ಮೊದಲು ಹಂಚು ತಂದು ಆರೇಳು ಹಂಚನ್ನು ಒಂದರ ಕೆಳಗೊಂದು ಜೋಡಿಸಿ ಅಳೀರಿ. ಒಂದು ಸಾಲಿಗೆ 12½ ಇಂಚು ಬಂತು ಅಂತಿಟ್ಟುಕೊಳ್ಳಿ. ನಿಮ್ಮ 13 ಅಡಿ 2½ ಇಂಚಿಗೆ ಹನ್ನೆರಡೂಮುಕ್ಕಾಲು ಸಾಲು ಆಗುತ್ತೆ, ಮುಕ್ಕಾಲು ಹಂಚು ಹಾಕೋಕಾಗಲ್ಲ. 13 ಸಾಲು ಹಿಡಿದರೆ ಓರೆ 162½ ಇಂಚು. ಈಗ ತಿರುಗಿ ಲೆಕ್ಕ ಹಾಕಿ: 162½ ÷ 1.202 = 135 ಇಂಚು, ಅಡ್ಡಕ್ಕೆ 11 ಅಡಿ 3 ಇಂಚು. ಸೂರು 2 ಅಡಿ 3 ಇಂಚು ಆಗಿ ಒಂದೂವರೆ ಅಡಿ ಇಳಿಯುತ್ತೆ. 8 ಅಡಿ ಗೋಡೆಗೆ ಸೂರಿನ ತುದಿ ಆರೂವರೆ ಅಡಿಯಲ್ಲಿ ನಿಲ್ಲುತ್ತೆ. ಕೊಯ್ಸೋದು 14 ಅಡಿ ಮರ.