ಗುಜಿರಿಯಿಂದ ತಂದ 12 ಇಂಚಿನ ಪ್ಲೇನರ್: ತುಕ್ಕು ತೆಗೆಯುವ ಕೆಲಸ ಎಲ್ಲಿಂದ ಶುರು?

ಹಲಸಿನ ಹಲಗೆ (ಉಡುಪಿ):

ಮಂಗಳೂರು ಬಂದರಿನ ಗುಜಿರಿಯಲ್ಲಿ ಸಿಕ್ಕಿದ ಹಳೇ 12 ಇಂಚಿನ ಸರ್ಫೇಸ್ ಪ್ಲೇನರ್ (ಮರದ ಮುಖ ಸಪಾಟು ಹೊಡೆಯುವ ಮೆಷಿನ್) ಈಗ ಶೆಡ್ಡಿನಲ್ಲಿ ಉಂಟು. ಪೂರಾ ಬೀಡು (ಎರಕದ ಕಬ್ಬಿಣ), ಕಂಪೆನಿ ಪ್ಲೇಟ್ ಇಲ್ಲ. ಟೇಬಲ್ ಮೇಲೆ ದಪ್ಪ ಕೆಂಪು ತುಕ್ಕು, ಅಲ್ಲಲ್ಲಿ ಹೊಂಡ. ಮರ ಕೊಡುವ ಕಡೆಯ ಟೇಬಲ್ ಜಾಮ್, ಹ್ಯಾಂಡ್‌ವೀಲ್ ತಿರುಗುವುದೇ ಇಲ್ಲ. ಕಟರ್ ಬ್ಲಾಕ್ (ಬ್ಲೇಡ್ ಕೂರಿಸಿದ, ತಿರುಗುವ ಭಾಗ) ಕೈಯಲ್ಲಿ ತಿರುಗುತ್ತದೆ, ಆದರೆ ಗರಗರ ಶಬ್ದ. ಮೋಟಾರ್ 2 ಎಚ್‌ಪಿ, ತ್ರೀ ಫೇಸ್, 1440 ಆರ್‌ಪಿಎಂ. ಮನೆಗೆ ಸಿಂಗಲ್ ಫೇಸ್ ಮಾತ್ರ.

ಆ್ಯಂಗಲ್ ಗ್ರೈಂಡರಿಗೆ ಫ್ಲಾಪ್ ಡಿಸ್ಕ್ ಹಾಕಿ ಒಂದೇ ದಿನದಲ್ಲಿ ಬಿಳಿ ಮಾಡಿ ಅಂತ ಒಬ್ಬರು, ಆ್ಯಸಿಡ್ ಅಂತ ಇನ್ನೊಬ್ಬರು, ಬಿಂಬುಳಿ ಉಜ್ಜಿ ಅಂತ ಮತ್ತೊಬ್ಬರು. ಯಾವುದು ಸರಿ? ದಾರಂದಕ್ಕೆ (ಬಾಗಿಲ ಚೌಕಟ್ಟಿಗೆ) ಹಲಸು, ಸಾಗುವಾನಿ ಹೊಡೆಯುವುದು ಉದ್ದೇಶ.

ಬೈಕಂಪಾಡಿ ಫಿಟ್ಟರ್:

ಗ್ರೈಂಡರ್ ಬದಿಗಿಡಿ ಮಾರಾಯ್ರೆ. ಫ್ಲಾಪ್ ಡಿಸ್ಕ್ ಟೇಬಲಿನಲ್ಲಿ ಅಲ್ಲಲ್ಲಿ ತಗ್ಗು ಮಾಡಿಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಎರಡು ಹಲಗೆ ಜೋಡಿಸುವಾಗ ನಡುವೆ ಬೆಳಕು ಕಾಣುತ್ತದಲ್ಲ, ಆಗ ಗೊತ್ತಾಗುತ್ತದೆ. ಮತ್ತೆ ಟೇಬಲ್ ಬಿಚ್ಚಿ ಮೆಷಿನ್ ಶಾಪಿನಲ್ಲಿ ಗ್ರೈಂಡ್ ಮಾಡಿಸುವುದೇ ದಾರಿ.

ತುಕ್ಕು ಕೊನೆಯ ಚಿಂತೆ. ಈ ಮೆಷಿನ್‌ಗೆ ಹಣ ಹಾಕಬಹುದಾ ಅಂತ ಮೊದಲು ನೋಡಿ. ಟೇಬಲಿನ ತುಟಿ (ಬ್ಲಾಕಿನ ಹತ್ತಿರದ ಅಂಚು), ಬೇರಿಂಗ್ ಹೌಸಿಂಗ್, ಟೇಬಲ್ ಜಾರುವ ಇಳಿಜಾರಿನ ಮೂಲೆ, ಈ ಜಾಗಗಳಲ್ಲಿ ಪೈಂಟ್ ಕೆರೆದು ಚಿಮಿಣಿ ಎಣ್ಣೆ ಸವರಿ. ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ ಚಾಕ್ ಪುಡಿ ಹಚ್ಚಿ. ಬಿರುಕಿದ್ದರೆ ಎಣ್ಣೆ ಒಸರಿ ಚಾಕ್ ಮೇಲೆ ಗೆರೆ ಮೂಡುತ್ತದೆ. ಹೌಸಿಂಗ್ ಬಿರುಕು ಬಿಟ್ಟಿದ್ದರೆ ವಾಪಸ್ ಗುಜಿರಿಗೇ ಕೊಡಿ, ಬೀಡಿಗೆ ವೆಲ್ಡಿಂಗ್ ಮಾಡಿ ಅಷ್ಟು ಸ್ಪೀಡಿನ ಬ್ಲಾಕ್ ಓಡಿಸುವುದು ಬೇಡ.

ಆಮೇಲೆ ಸ್ಟ್ರೈಟ್ ಎಡ್ಜ್, ಅಂದರೆ ನೇರ ಅಂಚಿನ ಪಟ್ಟಿ. ದಪ್ಪ ತುಕ್ಕನ್ನು ಅಗಲ ಬ್ಲೇಡಿನಿಂದ ಕೆರೆದು, ಉದ್ದಕ್ಕೂ ಎರಡು ಕರ್ಣಕ್ಕೂ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳು) ತೂರಿಸಿ. 0.15 ಮಿ.ಮೀ. ಎಲೆ ಎಲ್ಲೂ ಹೋಗದಿದ್ದರೆ ದಾರಂದದ ಕೆಲಸಕ್ಕೆ ಧಾರಾಳ. ಹೊಂಡಗಳ ಲೆಕ್ಕ ಇಲ್ಲಿ ಬೇಡ, ಮರ ಹೊಂಡದ ಮೇಲೆ ಹಾರಿಕೊಂಡೇ ಹೋಗುತ್ತದೆ.

ಕಟರ್ ಬ್ಲಾಕ್ ಉರುಟಾ, ಚೌಕವಾ? ಇದನ್ನು ಹೇಳಲೇಬೇಕು. ಚೌಕ ಬ್ಲಾಕಿನಲ್ಲಿ ಟೇಬಲಿಗೂ ಬ್ಲಾಕಿಗೂ ನಡುವೆ ದೊಡ್ಡ ಸಂದು, ಕೈ ಜಾರಿದರೆ ಬೆರಳು ಒಳಗೆ ಎಳೆದುಕೊಳ್ಳುತ್ತದೆ. ಕೈಯಿಂದ ಮರ ತಳ್ಳುವ ಪ್ಲೇನರಿಗೆ ಉರುಟು ಬ್ಲಾಕೇ ಇರಬೇಕು ಅಂತ ಬ್ರಿಟನ್ನಿನಲ್ಲಿ 1922ರಲ್ಲೇ ನಿಯಮ ಬಂದಿದೆ. ಚೌಕ ಆಗಿದ್ದರೆ ಲೇಥಿನವರಲ್ಲಿ ಉರುಟು ಬ್ಲಾಕ್ ಮಾಡಿಸಿ, ಇಲ್ಲವೇ ಕೆಲಸ ಅಲ್ಲಿಗೇ ಬಿಡಿ.

ಜಾಮ್ ಆದ ಟೇಬಲಿಗೆ ಸುತ್ತಿಗೆ ಹಾಕಬೇಡಿ, ಬೀಡು ಬಗ್ಗುವುದಿಲ್ಲ, ಮುರಿಯುತ್ತದೆ. ಗಿಬ್ ಪಟ್ಟಿಯ (ಟೇಬಲ್ ಜಾರುವಲ್ಲಿ ಸಡಿಲ ತೆಗೆಯುವ ಪಟ್ಟಿ) ಸ್ಕ್ರೂಗಳನ್ನು ಪೂರಾ ಸಡಿಲ ಮಾಡಿ. ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಮತ್ತು ಅಸಿಟೋನ್ ಸಮಪಾಲು ಬೆರೆಸಿ ಸಂದಿಗೆ ಬಿಡಿ. ಅವೆರಡು ಕೂಡಿಕೊಳ್ಳುವುದಿಲ್ಲ, ಪ್ರತಿ ಸಲ ಕುಲುಕಿಯೇ ಬಿಡಬೇಕು. ಬೆಳಿಗ್ಗೆ ಸಂಜೆ ಬಿಡುತ್ತಾ ಮೂರು ನಾಲ್ಕು ದಿನ ಕಾಯಿರಿ. ಅದಾದ ಮೇಲೆ ಟೇಬಲಿನ ತುದಿಗೆ ಅಡ್ಡಲಾಗಿ ಮರದ ತುಂಡು ಇಟ್ಟು ಮೆಲ್ಲ ತಟ್ಟಿ, ಹ್ಯಾಂಡ್‌ವೀಲನ್ನು ಒಂದು ಕೂದಲೆಳೆ ಮುಂದೆ, ಒಂದು ಕೂದಲೆಳೆ ಹಿಂದೆ. ಒಂದೇ ದಿಕ್ಕಿಗೆ ಜೋರು ಹಾಕಿದರೆ ಸ್ಕ್ರೂವಿನ ಕಂಚಿನ ನಟ್ಟಿನ ಮರೆ (ಥ್ರೆಡ್) ಹೋಗುತ್ತದೆ. ಗ್ಯಾಸ್ ಟಾರ್ಚ್ ಹಿಡಿಯುವುದಿದ್ದರೆ ಅಸಿಟೋನ್ ಪೂರಾ ಆರಿದ ಮೇಲೆಯೇ.

ಗರಗರಕ್ಕೆ ಬೇರಿಂಗ್ ಬದಲಿಸುವುದೇ ಮದ್ದು, ಗ್ರೀಸ್ ತುಂಬಿ ಪ್ರಯೋಜನ ಇಲ್ಲ. ನಂಬರ್ ಬೇರಿಂಗಿನ ಬದಿಯಲ್ಲೇ ಕೊರೆದಿರುತ್ತದೆ. ಅಳಿಸಿದ್ದರೆ ಒಳವ್ಯಾಸ, ಹೊರವ್ಯಾಸ, ದಪ್ಪ ಅಳೆಯಿರಿ: 30, 62, 16 ಮಿ.ಮೀ. ಬಂದರೆ 6206. ಮರದ ಹುಡಿ ಇರುವ ಜಾಗವಾದ್ದರಿಂದ ತಗಡಿನ ಮುಚ್ಚಳದ್ದು ಬೇಡ, ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ತನ್ನಿ. ತೆಗೆಯಲಿಕ್ಕೆ ಪುಲ್ಲರ್. ಕೂರಿಸುವಾಗ ಒಳ ರಿಂಗಿಗೆ ಮಾತ್ರ ಪೈಪ್ ಕೊಟ್ಟು ತಟ್ಟಿ, ಹೊರ ರಿಂಗಿಗೆ ಹೊಡೆದರೆ ಗುಂಡುಗಳು ರಿಂಗಿನಲ್ಲಿ ಕುಳಿ ಬೀಳಿಸುತ್ತವೆ, ಹೊಸ ಬೇರಿಂಗ್ ಮೊದಲ ದಿನವೇ ಕೂಗುತ್ತದೆ.

ಮಲ್ಪೆ ಗಾಳಿ:

ಫಿಟ್ಟರಣ್ಣ ಹೇಳಿದ್ದೆಲ್ಲ ಒಪ್ಪಿದೆ, ಒಂದು ಬಿಟ್ಟು. ತುಕ್ಕು ಕೊನೆಯ ಚಿಂತೆ ಅನ್ನುವುದು ಘಟ್ಟದ ಮೇಲಿನವರಿಗೆ. ಬಂದರಿನಲ್ಲಿ ಬಿದ್ದಿದ್ದ ಕಬ್ಬಿಣದ ಹೊಂಡದ ತಳದಲ್ಲಿ ಉಪ್ಪು ಕೂತಿರುತ್ತದೆ. ಅದು ಗಾಳಿಯ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಬರೇ ಎಮರಿ ತಿಕ್ಕಿ ಹೊಳಪು ಮಾಡಿದರೆ ಎರಡು ದಿನದಲ್ಲಿ ಅದೇ ಹೊಂಡದಿಂದ ಮತ್ತೆ ಕೆಂಪು ಒಸರುತ್ತದೆ. ಹಾಗಾಗಿ ಒಣ ತುಕ್ಕು ಕೆರೆದ ಕೂಡಲೇ ಬಿಸಿ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿ, ಹಿತ್ತಾಳೆ ಬ್ರಷ್‌ನಲ್ಲಿ ಎರಡು ಮೂರು ಸಲ ತೊಳೆಯಿರಿ. ಕಬ್ಬಿಣಕ್ಕೆ ನೀರಾ ಅಂತ ಹೆದರಬೇಡಿ, ಒರೆಸಿ ತಕ್ಷಣ ಹೀಟ್ ಗನ್ ಹಿಡಿದು, ಮುಟ್ಟಿದರೆ ಬೆಚ್ಚಗೆ ಅನ್ನುವಷ್ಟು ಒಣಗಿಸಿದರೆ ಸಾಕು.

ನಂತರ ಚಿಮಿಣಿ ಎಣ್ಣೆ ಅಥವಾ ಡೀಸೆಲ್ ಹಾಕಿ 220 ನಂಬ್ರದ ವಾಟರ್ ಪೇಪರ್, ಆಮೇಲೆ 320. ಕೈಯಲ್ಲಿ ಹಿಡಿದಲ್ಲ, ಒಂದಡಿ ಉದ್ದದ ಸಪಾಟು ಮರದ ತುಂಡಿಗೆ ಸುತ್ತಿ, ಟೇಬಲಿನ ಉದ್ದಕ್ಕೇ ತಿಕ್ಕಬೇಕು. ಕಪ್ಪು ಕಲೆ ಉಳಿದರೆ ಬಿಡಿ, ಅದು ತೊಂದರೆ ಕೊಡುವುದಿಲ್ಲ.

ಆ್ಯಸಿಡ್ ಬೇಡವೇ ಬೇಡ. ಪಾಯಿಖಾನೆ ತೊಳೆಯುವ ಆ್ಯಸಿಡ್ ಅಂದರೆ ಹೈಡ್ರೋಕ್ಲೋರಿಕ್, ತೆಗೆದ ಕ್ಲೋರೈಡನ್ನು ನೀವೇ ಮತ್ತೆ ತುಂಬಿಸಿದ ಹಾಗೆ. ಮುಚ್ಚಿದ ಶೆಡ್ಡಿನಲ್ಲಿ ಅದರ ಹೊಗೆಗೆ ಪಕ್ಕದ ಉಳಿ, ಗರಗಸಕ್ಕೂ ತುಕ್ಕು ಹಿಡಿಯುತ್ತದೆ. ಬಿಂಬುಳಿ ಕೆಲಸ ಮಾಡುತ್ತದೆ, ಸುಳ್ಳಲ್ಲ. ಅದರ ರಸದಲ್ಲಿರುವ ಆಕ್ಸಾಲಿಕ್ ಆ್ಯಸಿಡ್ ತುಕ್ಕನ್ನು ಕರಗಿಸುತ್ತದೆ. ಬೋಲ್ಟು, ವಾಷರುಗಳನ್ನು ಜಜ್ಜಿದ ಬಿಂಬುಳಿಯಲ್ಲಿ ಹಾಕಿಡಬಹುದು. ಟೇಬಲಿಗೆ ಹಚ್ಚಿದರೆ ಹಳದಿ ಪುಡಿ ಕೂತು, ಅದನ್ನು ತೆಗೆಯುವುದೇ ಇನ್ನೊಂದು ಕೆಲಸ.

ಫೆನ್ಸ್ (ಮರಕ್ಕೆ ಆಸರೆಯಾಗುವ ಬದಿಪಟ್ಟಿ), ಹ್ಯಾಂಡ್‌ವೀಲ್, ಬ್ರಾಕೆಟ್ಟುಗಳಿಗೆ ಎಲೆಕ್ಟ್ರೋಲಿಸಿಸ್ ಬೆಸ್ಟ್. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 10 ಲೀಟರ್ ನೀರಿಗೆ 50 ಗ್ರಾಂ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರ್. ನೆಗೆಟಿವ್ ತುಕ್ಕಿನ ವಸ್ತುವಿಗೆ, ಪಾಸಿಟಿವ್ ಒಂದು ಹಳೇ ಕಬ್ಬಿಣದ ಸರಳಿಗೆ. ತಿರುಗಿಸಿ ಕೊಟ್ಟರೆ ನಿಮ್ಮ ಹ್ಯಾಂಡ್‌ವೀಲೇ ಕರಗುತ್ತದೆ. ಸರಳಿನ ಬದಲು ಸ್ಟೀಲ್ ಚಮಚ, ಲೋಟ ಹಾಕಬೇಡಿ, ಅದರ ಕ್ರೋಮಿಯಂ ನೀರಿಗೆ ಬಿಟ್ಟು ವಿಷ ಆಗುತ್ತದೆ. ಹೈಡ್ರೋಜನ್ ಬರುವ ಕಾರಣ ಅಂಗಳದಲ್ಲೇ ಮಾಡಿ. ಪ್ಲೇನರ್ ಬ್ಲೇಡು, ಬ್ಲೇಡಿನ ಬೋಲ್ಟು ಇದರಲ್ಲಿ ಹಾಕಲೇಬಾರದು, ಗಟ್ಟಿ ಉಕ್ಕು ಹೈಡ್ರೋಜನ್ ಕುಡಿದು ಪೆಡಸಾಗುತ್ತದೆ.

ಟೇಬಲಿಗೆ ಕೊನೆಗೆ ಮೇಣ. ಮೇಣದಬತ್ತಿ ತುರಿದು ಒಂದು ಪಾಲಿಗೆ ಮೂರು ಪಾಲು ಟರ್ಪೆಂಟೈನ್, ಒಲೆಯಿಂದ ಇಳಿಸಿದ ಬಿಸಿ ನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಬೆಂಕಿಯ ಹತ್ತಿರ ಬೇಡ. ಟೇಬಲ್ ಬೆಚ್ಚಗಿರುವಾಗ ತೆಳ್ಳಗೆ ಹಚ್ಚಿ, ಆರಿದ ಮೇಲೆ ಬಟ್ಟೆಯಿಂದ ಉಜ್ಜಿ. ತೆಂಗಿನೆಣ್ಣೆ, ಸುಟ್ಟ ಎಂಜಿನ್ ಆಯಿಲ್, ಸಿಲಿಕಾನ್ ಸ್ಪ್ರೇ ಮೂರೂ ಮರಕ್ಕೆ ಹಿಡಿದರೆ ಪಾಲಿಶ್ ಸರಿ ಕೂರುವುದಿಲ್ಲ. ಹುಡಿಯನ್ನು ಸಂಜೆಯೇ ಗುಡಿಸಿ, ರಾತ್ರಿ ನೀರು ಹಿಡಿಯುವುದು ಅದೇ. ಪ್ಲಾಸ್ಟಿಕ್ ಟಾರ್ಪಾಲ್ ಒಳಗೆ ಬೆವರುತ್ತದೆ, ಹತ್ತಿ ಬೆಡ್‌ಶೀಟ್ ಹೊದೆಸಿ. ಬಾಡಿಗೆ ಪೈಂಟ್ ಹೊಡೆಯುವುದು ಆಟಿ (ತುಳುವರ ಮಳೆಗಾಲದ ತಿಂಗಳು) ಕಳೆದ ಮೇಲೆಯೇ. ಮಳೆಗಾಲದಲ್ಲಿ ಕೆರೆದ ಬೀಡು ರೆಡ್ ಆಕ್ಸೈಡ್ ಡಬ್ಬ ತೆರೆಯುವುದರೊಳಗೆ ಬಣ್ಣ ತಿರುಗುತ್ತದೆ.

ಸ್ಟಾರ್ ಡೆಲ್ಟಾ:

ಮೋಟಾರ್ ಬಗ್ಗೆ. ಮೊದಲು 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿ, ವೈಂಡಿಂಗಿಗೂ ಬಾಡಿಗೂ ನಡುವೆ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಕರೆಂಟ್ ಕೊಡಬೇಡಿ. ಎಂಡ್ ಕವರ್ ತೆಗೆದು 100 ವ್ಯಾಟಿನ ಹಳೇ ಬಲ್ಬ್ ಹತ್ತಿರವಿಟ್ಟು ಒಂದೆರಡು ದಿನ ಒಣಗಿಸಿ ಮತ್ತೆ ನೋಡಿ.

ಸಿಂಗಲ್ ಫೇಸಿಗೆ ವಿಎಫ್‌ಡಿ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ಡ್ರೈವ್) ಸಾಕು, ಇದಕ್ಕಾಗಿ ಮೆಸ್ಕಾಂಗೆ ಓಡಬೇಕಾಗಿಲ್ಲ. ಆದರೆ 230 ವೋಲ್ಟ್ ಒಳಗೆ ಹೋದರೆ 230 ತ್ರೀ ಫೇಸೇ ಹೊರಗೆ ಬರುವುದು. ಟರ್ಮಿನಲ್ ಬಾಕ್ಸಿನಲ್ಲಿ ಆರು ತುದಿ ಇದ್ದು ಈಗ 415ಕ್ಕೆ ಸ್ಟಾರ್ (ಮೂರು ವೈಂಡಿಂಗಿನ ಒಂದೊಂದು ತುದಿ ಒಟ್ಟಿಗೆ ಗಂಟು) ಕಟ್ಟಿದ್ದರೆ, ಡೆಲ್ಟಾಗೆ (ಮೂರನ್ನೂ ತ್ರಿಕೋನದಂತೆ ಜೋಡಿಸುವುದು) ಬದಲಿಸಿ. ಮೂರೇ ತುದಿ ಇದ್ದರೆ ವೈಂಡಿಂಗಿನವರಿಂದ ಸ್ಟಾರ್ ಗಂಟು ಬಿಡಿಸಿ ಹೊರಗೆ ತರಿಸಿ. ಸ್ವಿಚ್ ವಿಎಫ್‌ಡಿಗೂ ಮೋಟಾರಿಗೂ ನಡುವೆ ಹಾಕಬಾರದು, ಡ್ರೈವ್ ಸುಟ್ಟುಹೋಗಬಹುದು.

ಇದರ ಬದಲು 2880ರ ಸಿಂಗಲ್ ಫೇಸ್ ಮೋಟಾರ್ ಹಾಕುವ ಯೋಚನೆ ಬಂದರೆ ಪುಲ್ಲಿ ಲೆಕ್ಕ ಮಾಡಿ. 1440ಕ್ಕೆ 8 ಇಂಚಿನ ಪುಲ್ಲಿ, ಬ್ಲಾಕಿಗೆ ಎರಡೂವರೆ ಇಂಚಿನದ್ದು ಇದ್ದರೆ ಬ್ಲಾಕ್ ಸುಮಾರು 4600ರಲ್ಲಿ ಓಡುತ್ತದೆ. ಅದೇ 8 ಇಂಚನ್ನು 2880ಕ್ಕೆ ಹಾಕಿದರೆ 9200. ಬ್ಲೇಡ್ ಕಿತ್ತು ಹಾರುವುದು ಹೀಗೆಯೇ.

ಹಲಸಿನ ಹಲಗೆ:

ಬ್ಲಾಕ್ ಉರುಟೇ, ಎರಡು ಬ್ಲೇಡ್. ಚಾಕ್ ಹಾಕಿದೆ, ಬಿರುಕು ಕಾಣಲಿಲ್ಲ. ಹೊಸ ಬ್ಲೇಡ್ ಹಾಕುವಾಗ ಎಷ್ಟು ಹೊರಗೆ ಬಿಡಬೇಕು?

ಬೈಕಂಪಾಡಿ ಫಿಟ್ಟರ್:

ಬ್ಲಾಕಿನಿಂದ 1 ಮಿ.ಮೀ., ಜಾಸ್ತಿ ಬೇಡ. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬ್ಲೇಡೇ ತನ್ನಿ. ಎರಡೂ ಬ್ಲೇಡನ್ನು, ಬ್ಲೇಡ್ ಹಿಡಿಯುವ ಒತ್ತುಪಟ್ಟಿಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಜೋಡಿ ಸಮ ಬರಬೇಕು, ಇಲ್ಲವಾದರೆ ಮೆಷಿನ್ ನಡುಗುತ್ತದೆ. ಬೋಲ್ಟನ್ನು ನಡುವಿನಿಂದ ಶುರುಮಾಡಿ ಎರಡು ತುದಿಗೆ, ಒಂದೇ ಸಲಕ್ಕೆ ಪೂರಾ ಬಿಗಿ ಮಾಡದೆ ಎರಡು ಮೂರು ಸುತ್ತಿನಲ್ಲಿ. ಕೈಗವಸು ಹಾಕುವುದಿದ್ದರೆ ಬ್ಲೇಡ್ ಕೂರಿಸುವಾಗ ಮಾತ್ರ, ಮೆಷಿನ್ ಓಡುವಾಗ ಖಂಡಿತ ಬೇಡ.

ಮರ ಹೊರಬರುವ ಕಡೆಯ ಟೇಬಲ್ ಬ್ಲೇಡಿನ ಅತಿ ಮೇಲಿನ ಬಿಂದುವಿಗೆ ಸರಿಸಮ ಇರಬೇಕು. ಪ್ಲಗ್ ಕಿತ್ತು, ಆ ಟೇಬಲ್ ಮೇಲೆ ನೇರವಾದ ಮರದ ಪಟ್ಟಿಯನ್ನು ಬ್ಲಾಕಿನ ಮೇಲಕ್ಕೆ ಚಾಚುವಂತೆ ಇಟ್ಟು, ಬ್ಲಾಕನ್ನು ಕೈಯಲ್ಲಿ ತಿರುಗಿಸಿ. ಬ್ಲೇಡ್ ಪಟ್ಟಿಯನ್ನು 3 ಮಿ.ಮೀ. ಮುಂದೆ ತಳ್ಳಿ ಬಿಟ್ಟರೆ ಸರಿ. ಎರಡೂ ತುದಿಯಲ್ಲಿ, ಎರಡೂ ಬ್ಲೇಡಿಗೆ ಅಷ್ಟೇ ಬರಬೇಕು. ಟೇಬಲ್ ತಗ್ಗಿದ್ದರೆ ಹಲಗೆಯ ಕೊನೆಯ ಎರಡು ಇಂಚು ಗುಳಿ ಬೀಳುತ್ತದೆ. ಎತ್ತರ ಇದ್ದರೆ ಮರ ತುಟಿಗೆ ಬಡಿದು ನಿಲ್ಲುತ್ತದೆ, ಇಲ್ಲವೇ ಹಲಗೆ ಒಂದು ತುದಿಗೆ ಸಪೂರ ಆಗುತ್ತದೆ.