ನಕ್ಷೆಯಲ್ಲಿ ಹಸಿರು, ಹೊಲದಲ್ಲಿ ಜೊಳ್ಳು: ಬರ ಅಳೆಯೋದು ಹೇಗೆ?

ಕೆಂಪುಮಣ್ಣು:
ನಮ್ಮೂರು ಚಳ್ಳಕೆರೆ ಹತ್ರ. ಎಂ.ಎಸ್ಸಿ. ಪ್ರಾಜೆಕ್ಟಿಗೆ 2023ರ ಬರ ತಗೊಂಡಿದ್ದೀನಿ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ಆದ್ರೆ ಮೋಡಿಸ್ ಅನ್ನೋ ಉಪಗ್ರಹ ಕ್ಯಾಮೆರಾದ ಎನ್‌ಡಿವಿಐ (ನೆಲದ ಹಸಿರು ಎಷ್ಟಿದೆ ಅಂತ ಹೇಳೋ ಸೂಚ್ಯಂಕ) ನಕ್ಷೆ ತೆಗೆದ್ರೆ ನಮ್ಮ ಕಡೆ ಅಲ್ಲಲ್ಲಿ ಚೆನ್ನಾಗೇ ಹಸಿರು ಕಾಣುತ್ತೆ. ಹೊಲದಲ್ಲಿ ಶೇಂಗಾ ಗಿಡ ಕಿತ್ರೆ ಎರಡು ಜೊಳ್ಳು ಕಾಯಿ ಅಷ್ಟೇ. ಬರ ಎಷ್ಟು ಕಾಲ ಇತ್ತು, ಎಷ್ಟು ತೀವ್ರ ಅಂತ ಹೇಗೆ ತೋರಿಸಲಿ?

ಮಳೆಲೆಕ್ಕ:
ನೋಡೋಕೆ ಹಸಿರು, ಬೆಳೆ ಮಾತ್ರ ಇಲ್ಲ; ಹಸಿರು ಬರ ಅಂತಾರಲ್ಲ, ಅದೇ ಇದು. ಮೋಡಿಸ್ ಚಿತ್ರದ ಒಂದು ಚುಕ್ಕೆ (ಪಿಕ್ಸೆಲ್) 250 ಮೀಟರ್ ಚೌಕ, ಅಂದ್ರೆ ಹದಿನೈದು ಎಕರೆ. ನಿಮ್ಮ ಶೇಂಗಾ, ಪಕ್ಕದವರ ಬೋರ್‌ವೆಲ್ ಅಡಿಕೆ, ಬದುವಿನ ಕಳೆ ಎಲ್ಲ ಒಂದೇ ಸಂಖ್ಯೆಯೊಳಗೆ ಕಲಸಿಹೋಗಿರುತ್ತೆ.

ಅವಧಿ, ತೀವ್ರತೆ ಎರಡನ್ನೂ ಮಳೆಯಿಂದಲೇ ತೆಗೀರಿ. ಮೂರು ತಿಂಗಳ ಎಸ್‌ಪಿಐ ಹಾಕಿ, ಅಂದ್ರೆ ಮಳೆ ವಾಡಿಕೆಗಿಂತ ಎಷ್ಟು ಹೆಚ್ಚು ಕಡಿಮೆ ಅಂತ ಹೇಳೋ ಸೂಚ್ಯಂಕ; ಸೊನ್ನೆ ಅಂದ್ರೆ ವಾಡಿಕೆ. ಅದು −1ಕ್ಕೋ ಇನ್ನೂ ಕೆಳಗೋ ಇಳಿದ್ರೆ ಬರ ಅಂತ ಲೆಕ್ಕ; ಆ ಬರದ ಆರಂಭ ಅದು ಮೊದಲು ಸೊನ್ನೆಗಿಂತ ಕೆಳಗೆ ಹೋದ ತಿಂಗಳು, ಮತ್ತೆ ಸೊನ್ನೆ ದಾಟಿದಾಗ ಬರ ಮುಗೀತು. ನಡುವಿನ ತಿಂಗಳುಗಳೇ ಅವಧಿ. ಮೂರು ತಿಂಗಳು −1.2, −1.6, −0.9 ಬಂತು ಅನ್ಕೊಳ್ಳಿ, ಮೈನಸ್ ಬಿಟ್ಟು ಕೂಡಿದ್ರೆ 3.7, ಅದು ಬರದ ಒಟ್ಟು ಪ್ರಮಾಣ, ಎಷ್ಟು ತೀವ್ರ ಅನ್ನೋದಕ್ಕೆ ಅಳತೆ.

ಗಿಡದ ಕಥೆಗೆ ವಿಸಿಐ, ಅಂದ್ರೆ ಹಳೇ ವರ್ಷಗಳ ಕನಿಷ್ಠ ಹಸಿರಿಗೆ 0, ಗರಿಷ್ಠಕ್ಕೆ 100 ಅಂತ ಇಟ್ಟು ಈ ಸಲದ್ದು ಎಲ್ಲಿದೆ ಅಂತ ನೋಡೋ ಸೂಚ್ಯಂಕ. ಅದೇ ಜಾಗದ, ಅದೇ ಹದಿನೈದು ದಿನದ ಹಳೇ ವರ್ಷಗಳ ಎನ್‌ಡಿವಿಐ ಕನಿಷ್ಠ 0.25, ಗರಿಷ್ಠ 0.70 ಇದ್ದು ಈ ಸಲ 0.34 ಬಂದ್ರೆ ವಿಸಿಐ ಬರೀ 20. ಬರೀ ಎನ್‌ಡಿವಿಐ ನೋಡಿದ್ರೆ ಇದು ತಿಳಿಯಲ್ಲ.

ಬಯಲುಸೀಮೆ:
ಎಸ್‌ಪಿಐ ಸರಿ ಸ್ವಾಮಿ, ಆದ್ರೆ ತಿಂಗಳ ಮೊತ್ತ ಮೋಸ ಮಾಡುತ್ತೆ. ಇಪ್ಪತ್ತೈದು ದಿನ ಒಣಗಿ ಕೊನೇಲಿ ಒಂದು ಜಡಿಮಳೆ ಬಂದ್ರೆ ಲೆಕ್ಕದಲ್ಲಿ ವಾಡಿಕೆ ಮಳೆ! ಅಷ್ಟೊತ್ತಿಗೆ ಶೇಂಗಾದ ಸೂಜಿ (ಹೂವಿನಿಂದ ನೆಲಕ್ಕಿಳಿದು ಕಾಯಿ ಕಟ್ಟೋ ಎಳೆ) ಗಟ್ಟಿ ನೆಲಕ್ಕೆ ಇಳಿಯಲಾರದೆ ಒಣಗಿರುತ್ತೆ. ಕೇಂದ್ರದ 2016ರ ಬರ ಕೈಪಿಡಿಯಲ್ಲೂ ವಾರದ ಲೆಕ್ಕ ಇದೆ: ಸತತ ಮೂರು-ನಾಲ್ಕು ವಾರ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಬಿದ್ರೆ ಅದು ಒಣ ಅವಧಿ. ದೇಶದಲ್ಲಿ 1901ರಿಂದೀಚೆಗೆ 2023ರಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ, ನೀವು ಅಲ್ಲಿಂದಲೇ ಶುರು ಮಾಡಿ.

ಕುರಿಗಾಹಿಮಗ:
ಬಳ್ಳಾರಿ ಜಾಲಿ ಮರೀಬೇಡ್ರಪ್ಪ. ಕುರಿಗೆ ಹುಲ್ಲಿಲ್ಲದ ಬೇಸಿಗೇಲೂ ಅದು ಹಚ್ಚಗೇ ಇರುತ್ತೆ. ಕೆರೆ ಅಂಗಳ ಪೂರಾ ಅದೇ.

ಕೆಂಪುಮಣ್ಣು:
ಹಾಗಾದ್ರೆ ಜಾಲಿ, ತೋಟ ಎರಡನ್ನೂ ನಕ್ಷೆಯಿಂದ ತೆಗೆದುಹಾಕಬೇಕು. ಅದಕ್ಕೆ ಸೆಂಟಿನೆಲ್-2 ಉಪಗ್ರಹದ ಚಿತ್ರ ಬಳಸಲಾ?

ಮಳೆಲೆಕ್ಕ:
ತೆಗೆದುಹಾಕೋಕೆ ಬಳಸಿ, ಅದರದು ಹತ್ತು ಮೀಟರ್ ಚುಕ್ಕೆ. ಏಪ್ರಿಲ್ ಚಿತ್ರದಲ್ಲೂ ಹಸಿರಿದ್ದದ್ದು ಮಳೆಯಾಶ್ರಿತ ಹೊಲ ಅಲ್ಲ, ಕತ್ತರಿಸಿ. ವಿಸಿಐಗೆ ಮಾತ್ರ ಮೋಡಿಸ್ಸೇ ಇರಲಿ, 2000ದಿಂದ ಇತಿಹಾಸ ಸಿಗೋದು ಅದರಲ್ಲೇ. ಹೊಲ ಹೆಚ್ಚಿರೋ ಚುಕ್ಕೆಗಳನ್ನಷ್ಟೇ ಉಳಿಸ್ಕೊಳ್ಳಿ.